ಎದುರುಬದುರು ನಿಂತು ಹಾಡುವವರು

ನಾನು ಬಿ.ಕಾಂ. ಓದುವವನು, ಸಂಗೀತ ಕಲಿತವನಲ್ಲ. ಕಳೆದ ರಜೆಯಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿರುವ ಚಿಕ್ಕಪ್ಪನ ಮನೆಗೆ ಹೋದಾಗ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪಕ್ಕದ ಮನೆಯ ಹುಡುಗ ಒಂದು ಸಣ್ಣ ಚರ್ಚಿನ ಗಾಯನ ತಂಡದಲ್ಲಿದ್ದ. "ಬನ್ನಿ ದಾದಾ" ಅಂತ ಅವನೇ ನನ್ನನ್ನು ಸೇಂಟ್ ಪಾಲ್ಸ್ ಕೆಥೆಡ್ರಲ್ ತೋರಿಸಲು ಕರೆದುಕೊಂಡು ಹೋದ. ಕೆಥೆಡ್ರಲ್ ಎಂದರೆ ಬರೀ ದೊಡ್ಡ ಚರ್ಚು ಅಂತ ನಾನು ತಿಳಿದಿದ್ದೆ. ಹಾಗಲ್ಲ, ಬಿಷಪ್ಪರ ಪೀಠ ಇರುವ ಚರ್ಚು. ಇದು 1847ರಲ್ಲಿ ಪ್ರತಿಷ್ಠೆಯಾಯಿತು. 1934ರ ಭೂಕಂಪದಲ್ಲಿ ಇದರ ಶಿಖರ ಬಿತ್ತು. ಈಗಿನ ಗೋಪುರವನ್ನು ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಗೋಪುರದ ಮಾದರಿಯಲ್ಲಿ ಕಟ್ಟಿದ್ದಾರೆ.

ಹಾಡುವ ಪದ್ಧತಿಯೂ ಇಂಗ್ಲೆಂಡಿನಿಂದ ಬಂದದ್ದೇ. ಅಲ್ಲಿಯ ಕೆಥೆಡ್ರಲ್‌ಗಳಲ್ಲಿ ತಂಡ ಎರಡು ಭಾಗವಾಗಿ ಎದುರುಬದುರು ನಿಲ್ಲುತ್ತದೆ. ಕೀರ್ತನೆಯ ಒಂದು ವಚನವನ್ನು ಈ ಕಡೆಯವರು ಹಾಡಿದರೆ ಮುಂದಿನದನ್ನು ಆ ಕಡೆಯವರು ಎತ್ತಿಕೊಳ್ಳುತ್ತಾರೆ. ನಮ್ಮ ಖಾತೆ ಪುಸ್ತಕದ ಎಡ ಬಲ ಇದ್ದ ಹಾಗೆ! ವಚನದ ಬಹುಪಾಲು ಮಾತುಗಳನ್ನು ಒಂದೇ ಸ್ವರದಲ್ಲಿ ಹೇಳಿಕೊಂಡು ಹೋಗಿ, ಕೊನೆಗೆ ಸ್ವರ ಬದಲಿಸುತ್ತಾರೆ. ತಾಳಕ್ಕಾಗಿ ಮಾತನ್ನು ಮುರಿಯುವುದಿಲ್ಲ. 1662ರ ಪ್ರಾರ್ಥನಾ ಪುಸ್ತಕದ ಪ್ರಕಾರ 150 ಕೀರ್ತನೆಗಳನ್ನು ಬೆಳಿಗ್ಗೆ ಸಂಜೆಗೆ ಹಂಚಿ 30 ದಿನಗಳಲ್ಲಿ ಮುಗಿಸಬೇಕು. ಆದ್ದರಿಂದ ಅಭ್ಯಾಸ ಒಂದು ದಿನವೂ ತಪ್ಪುವಂತಿಲ್ಲ.

ಕಂಠ ನಾಲ್ಕು ಬಗೆ: ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಮೇಲಿನ ಸ್ವರಕ್ಕೆ ಶತಮಾನಗಳ ಕಾಲ ಹುಡುಗರೇ ಇದ್ದರು. ಸಾಲ್ಸ್‌ಬರಿ ಕೆಥೆಡ್ರಲ್ 1991ರಲ್ಲಿ ಹುಡುಗಿಯರ ತಂಡವನ್ನೂ ಕಟ್ಟಿತು. ಆದರೆ ಹುಡುಗರ ಆ ಕಂಠಕ್ಕೆ ಆಯುಸ್ಸು ಕಡಿಮೆ. ಹದಿಮೂರು ಹದಿನಾಲ್ಕಕ್ಕೆ ಒಡೆಯುತ್ತದೆ.

ನಮ್ಮ ಹುಡುಗನಿಗೂ ಹಾಗೇ ಆಗಿತ್ತು. ಅವನ ಚರ್ಚಿಗೆ ಹೋದಾಗ ನೋಡಿದೆ: ಪುಸ್ತಕ ಹಂಚಿದ, ಸಾಲಿನಲ್ಲಿ ನಿಂತ, ಬಾಯಿ ಮಾತ್ರ ತೆರೆಯಲಿಲ್ಲ. "ಬೇಜಾರಾಗಲ್ವೇನೋ?" ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. "ಆಗುತ್ತೆ ದಾದಾ. ಆದರೆ ಈಗ ಕೆಳಗಿನ ಸ್ವರ ಕೇಳಿಸ್ಕೊಳ್ತಿದೀನಿ. ಮೊದಲು ನನಗೆ ನನ್ನ ಸ್ವರ ಒಂದೇ ಕೇಳಿಸ್ತಿತ್ತು" ಎಂದ.

ಆ ಮಾತು ನನಗೆ ನಾಟಿತು. ಕನ್ನಡ ಮಾಧ್ಯಮದಿಂದ ಬಂದ ನಾನು ಮೊದಲ ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ. ಅದು ಬರೀ ಸೋಲು ಅಂತ ಅಂದುಕೊಂಡಿದ್ದೆ. ಕೇಳಿಸಿಕೊಳ್ಳುವ ಕೆಲಸವನ್ನಾದರೂ ನಾನು ಮಾಡಿದೆನೇ? ಇಲ್ಲ, ನಾಚಿಕೊಂಡು ಕೂತಿದ್ದೆ ಅಷ್ಟೆ.

ನಿಘಂಟಿನ ಕಿಟೆಲ್ ಸಾಹೇಬರು ನಮಗೆ ಗೊತ್ತು. ಪರದೇಶದಿಂದ ಬಂದ ಅವರೂ ಮೊದಲು ಕನ್ನಡಕ್ಕೆ ಕಿವಿಗೊಟ್ಟವರೇ. ಆಮೇಲೆ 1862ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು.

ಈ ವರ್ಷ ತರಗತಿಯಲ್ಲಿ ಎರಡು ಸಲ ಎದ್ದು ಪ್ರಶ್ನೆ ಕೇಳಿದ್ದೇನೆ. ಸ್ವರ ನಡುಗಿತು. ಒಡೆದ ಕಂಠ ಕೂಡಿಕೊಳ್ಳುವುದಕ್ಕೆ ಸ್ವಲ್ಪ ಕಾಲ ಬೇಕಲ್ಲ!