ಪಕ್ಕಗಾಡಿಯ ಪಂದ್ಯ: ಮೂರು ಚಕ್ರಗಳ ಯಂತ್ರಶಾಸ್ತ್ರ

ಬೈಸಿಕಲ್ಲಿನ ಮೇಲೆ ತಿರುವನ್ನು ದಾಟುವವನು ತಿರುವಿನ ಒಳಮಗ್ಗುಲಿಗೆ ವಾಲುತ್ತಾನೆಂಬುದನ್ನು ಗುಬ್ಬಿಯಿಂದಲೋ ಕುಣಿಗಲಿನಿಂದಲೋ ತುಮಕೂರಿನ ಕಾಲೇಜಿಗೆ ಬರುವ ವಿದ್ಯಾರ್ಥಿಗಳೆಲ್ಲ ಕಂಡೇ ಇರುತ್ತಾರೆ. ವಾಲದಿದ್ದರೆ ಅವನು ಹೊರಮಗ್ಗುಲಿಗೆ ಉರುಳಬೇಕಾಗುತ್ತದೆ. ಮೋಟಾರ್ ಸೈಕಲ್ಲಿನದೂ ಇದೇ ಕಥೆ. ಆದರೆ ಆ ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಮೂರನೆಯ ಚಕ್ರವುಳ್ಳ ಒಂದು ತೊಟ್ಟಿಯನ್ನು ಬಿಗಿದೆವೆನ್ನಿ. ಆಗ ವಾಹನವು ನಿಂತಲ್ಲಿ ಬೀಳದು. ಸವಾರನು ಕಾಲೂರಬೇಕಾದ ಪ್ರಮೇಯವೂ ಇಲ್ಲ. ಆದರೆ ವಾಲುವ ಸ್ವಾತಂತ್ರ್ಯವೇ ಹೋಯಿತು! ಈ ನಷ್ಟವನ್ನು ತುಂಬಿಕೊಡುವುದು ಹೇಗೆ ಎಂಬುದೇ ಪಕ್ಕಗಾಡಿ ಪಂದ್ಯದ ಜೀವಾಳವಾದ ಪ್ರಶ್ನೆ.

ನಮ್ಮ ಊರುಗಳಿಗೆ ಪಕ್ಕಗಾಡಿ, ಎಂದರೆ ಸೈಡ್‌ಕಾರು, ಹೊಸದೇನಲ್ಲ. 1970 ಮತ್ತು 1980ರ ದಶಕಗಳಲ್ಲಿ ಸ್ಕೂಟರಿಗೆ ಇದನ್ನು ಜೋಡಿಸಿಕೊಂಡು ಇಡೀ ಸಂಸಾರವೇ ಸಂತೆಗೋ ಜಾತ್ರೆಗೋ ಹೊರಡುತ್ತಿದ್ದುದನ್ನು ಹಿರಿಯರು ಬಲ್ಲರು. ಆದರೆ ಇದನ್ನು ಪಂದ್ಯದ ವಾಹನವಾಗಿ ಬೆಳೆಸಿದ್ದು ಯೂರೋಪು. ಬ್ರಿಟನ್ನಿನ ಮಗ್ಗುಲಿನ ಮ್ಯಾನ್ ದ್ವೀಪದಲ್ಲಿ ಪ್ರಸಿದ್ಧವಾದ ಟಿ.ಟಿ. ಪಂದ್ಯಗಳಿಗೆ 1923ರಲ್ಲಿ ಪಕ್ಕಗಾಡಿಗಳೂ ಸೇರಿದವು. ಆ ವರ್ಷ ಗೆದ್ದವನು ಫ್ರೆಡ್ಡಿ ಡಿಕ್ಸನ್. ಅವನ ಡಗ್ಲಾಸ್ ಯಂತ್ರದ ವಿಶೇಷವನ್ನು ಮುಂದೆ ಹೇಳುತ್ತೇವೆ. 1949ರಲ್ಲಿ ವಿಶ್ವ ಚಾಂಪಿಯನ್ ಪದವಿ ಆರಂಭವಾದಾಗ ಅದನ್ನು ಮೊದಲು ಪಡೆದವನು ನಾರ್ಟನ್ ಸವಾರನಾದ ಎರಿಕ್ ಆಲಿವರ್. ಅವನ ಸಹಸವಾರನು ಡೆನಿಸ್ ಜೆಂಕಿನ್ಸನ್ ಎಂಬ ಪತ್ರಿಕಾ ಲೇಖಕ. 1954ರಿಂದ ಎರಡು ದಶಕಗಳ ಕಾಲ ಬಹುಪಾಲು ಜಯವೆಲ್ಲ ಜರ್ಮನಿಯ ಬಿ.ಎಂ.ಡಬ್ಲ್ಯು. ಎಂಜಿನ್ನುಗಳದಾಯಿತು. ಆ ಕಾಲದ ನಾರ್ಟನ್, ಬಿ.ಎಂ.ಡಬ್ಲ್ಯು. ಗಾಡಿಗಳನ್ನು ಜೋಪಾನವಾಗಿ ಕಾದಿಟ್ಟುಕೊಂಡವರು ಈಗಲೂ ವಾರಾಂತ್ಯಗಳಲ್ಲಿ ಒಂದೆಡೆ ಸೇರಿ ಪಂದ್ಯವಾಡುತ್ತಾರೆ. ಸಾಮಾನ್ಯವಾಗಿ ಶನಿವಾರ ಯಂತ್ರಗಳ ತಪಾಸಣೆ ಮತ್ತು ಅಭ್ಯಾಸ, ಭಾನುವಾರ ಓಟ.

ಈ ಓಟವನ್ನು ಮೊದಲ ಸಲ ನೋಡುವವರಿಗೆ ವಿಚಿತ್ರವಾಗಿ ಕಾಣುವುದು ಸಹಸವಾರನ ವರ್ತನೆ. ಅವನು ಎಲ್ಲಿಯೂ ಕುಳಿತಿರುವುದಿಲ್ಲ. ಒಂದು ತಿರುವಿನಲ್ಲಿ ಪಕ್ಕದ ಚಕ್ರದಿಂದಾಚೆಗೆ ಮೈಚಾಚಿ, ಬೆನ್ನು ನೆಲವನ್ನು ತಾಗುವುದೋ ಏನೋ ಎನ್ನುವಷ್ಟು ಕೆಳಗೆ ಜೋತಾಡುತ್ತಾನೆ. ಮುಂದಿನ ತಿರುವಿನಲ್ಲಿ ಸವಾರನ ಬೆನ್ನ ಹಿಂದಕ್ಕೆ ಹಾರಿ, ಹಿಂಚಕ್ರದ ಮೇಲೆ ಬೋರಲು ಬೀಳುತ್ತಾನೆ. ಇದು ಸರ್ಕಸ್ಸಲ್ಲ; ಭೌತಶಾಸ್ತ್ರದ ಪಾಠ. ಆತನ ಒಂದೊಂದು ಚಲನೆಗೂ ಲೆಕ್ಕವುಂಟು.

ಲೆಕ್ಕಕ್ಕೆ ಬೇಕಾದ ತತ್ತ್ವವು ಸರಳವಾದುದು. ವಾಹನವು ವೃತ್ತಾಕಾರದ ದಾರಿಯಲ್ಲಿ ಸಾಗಬೇಕಾದರೆ ಅದನ್ನು ಒಳಕ್ಕೆ ತಳ್ಳತಕ್ಕ ಬಲವೊಂದಿರಬೇಕು. ಆ ಬಲವನ್ನು ಕೊಡುವುದು ನೆಲಕ್ಕೂ ಟೈರಿಗೂ ನಡುವಣ ಘರ್ಷಣೆ. ಗಾಡಿಯ ಮೇಲೆ ಕುಳಿತವನ ದೃಷ್ಟಿಯಿಂದ ಇದನ್ನೇ ಬೇರೆ ರೀತಿಯಲ್ಲಿ ಹೇಳಬಹುದು: ಗುರುತ್ವಕೇಂದ್ರವನ್ನು ಹೊರಕ್ಕೆಳೆಯುವ ಕೇಂದ್ರಾಪಗಾಮಿ ಬಲವೊಂದು ಇದ್ದಂತೆ ಅವನಿಗೆ ತೋರುತ್ತದೆ. ಈ ಬಲವು ಗುರುತ್ವಕೇಂದ್ರದ ಎತ್ತರವನ್ನು ಸನ್ನೆಯಾಗಿ ಮಾಡಿಕೊಂಡು ಗಾಡಿಯನ್ನು ಉರುಳಿಸಲೆಳಸುತ್ತದೆ. ಗಾಡಿಯ ತೂಕವು ಗುರುತ್ವಕೇಂದ್ರದಿಂದ ಉರುಳುಗೆರೆಗಿರುವ ಅಡ್ಡದೂರವನ್ನು ಸನ್ನೆಯಾಗಿ ಮಾಡಿಕೊಂಡು ಅದನ್ನು ತಡೆಯುತ್ತದೆ. ಎರಡು ಭ್ರಾಮಕಗಳೂ ಸಮವಾದಾಗ ಒಳಚಕ್ರ ನೆಲವನ್ನು ಬಿಡುತ್ತದೆ. ಆ ಗಳಿಗೆಯ ವೇಗವನ್ನು ಹೀಗೆ ಬರೆಯಬಹುದು:

ವೇಗದ ವರ್ಗ = 9.8 × ತಿರುವಿನ ತ್ರಿಜ್ಯ × (ಅಡ್ಡದೂರ ÷ ಎತ್ತರ)

ಈ ಸೂತ್ರದಲ್ಲಿ ಗಾಡಿಯ ತೂಕ ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಭಾರವಾದ ಗಾಡಿ ಸುಲಭವಾಗಿ ಉರುಳದೆಂಬ ನಂಬಿಕೆಗೆ ಆಧಾರವಿಲ್ಲ. ತೂಕವೆಷ್ಟು ಎಂಬುದಲ್ಲ, ಅದು ಎಲ್ಲಿದೆ ಎಂಬುದೇ ಮುಖ್ಯ.

ಈಗ ಅಂಕೆಗಳಿಗೆ ಬರೋಣ. ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಮಗ್ಗುಲಲ್ಲಿ ಸಾಗುವುದರಿಂದ ಪಕ್ಕಗಾಡಿಯೂ ಎಡಕ್ಕಿರುತ್ತದೆ. ಮೋಟಾರ್ ಸೈಕಲ್ಲೂ ಸವಾರನೂ ಸೇರಿ 240 ಕಿಲೋಗ್ರಾಂ ಇರಲಿ. ಇವುಗಳ ಗುರುತ್ವಕೇಂದ್ರ ನೆಲದಿಂದ 0.65 ಮೀಟರ್ ಎತ್ತರದಲ್ಲಿರಲಿ. ಬರಿದಾದ ಪಕ್ಕಗಾಡಿ 60 ಕಿಲೋಗ್ರಾಂ. ಅದರ ಕೇಂದ್ರ ಮೋಟಾರ್ ಸೈಕಲ್ಲಿನ ಗೆರೆಯಿಂದ 0.8 ಮೀಟರ್ ಎಡಕ್ಕೆ, 0.4 ಮೀಟರ್ ಎತ್ತರದಲ್ಲಿ. ಎರಡನ್ನೂ ಕೂಡಿಸಿದರೆ ಒಟ್ಟು ಗುರುತ್ವಕೇಂದ್ರವು ಗೆರೆಯಿಂದ ಕೇವಲ 0.16 ಮೀಟರ್ ಎಡಕ್ಕೆ, 0.6 ಮೀಟರ್ ಎತ್ತರದಲ್ಲಿ ಬೀಳುತ್ತದೆ. ದೇವರಾಯನದುರ್ಗದ ಬೆಟ್ಟದ ದಾರಿಯಂಥ ಸುತ್ತುದಾರಿಯಲ್ಲಿ 30 ಮೀಟರ್ ತ್ರಿಜ್ಯದ ಎಡತಿರುವೊಂದನ್ನು ಊಹಿಸಿಕೊಳ್ಳೋಣ. ನೆಲ ಸಮತಟ್ಟಾಗಿದೆಯೆಂದೇ ಇಟ್ಟುಕೊಳ್ಳೋಣ. ಎಡತಿರುವಿನಲ್ಲಿ ಉರುಳುಗೆರೆಯು ಮೋಟಾರ್ ಸೈಕಲ್ಲಿನ ಎರಡು ಚಕ್ರಗಳನ್ನು ಸೇರಿಸುವ ಗೆರೆಯೇ. ಸೂತ್ರದಂತೆ ವೇಗದ ವರ್ಗ 78.4, ವೇಗ ಸೆಕೆಂಡಿಗೆ 8.85 ಮೀಟರ್, ಎಂದರೆ ಗಂಟೆಗೆ ಸುಮಾರು 32 ಕಿಲೋಮೀಟರ್. ಇಷ್ಟೇ! ಬೈಸಿಕಲ್ಲಿನ ಪಂದ್ಯಗಾರನಿಗೂ ನಿಲುಕುವ ಈ ವೇಗದಲ್ಲಿ ಬರಿದಾದ ಪಕ್ಕಗಾಡಿಯ ಚಕ್ರ ಗಾಳಿಗೇಳುತ್ತದೆ. ಒಬ್ಬನೇ ಸವಾರನು ಬರಿಯ ಪಕ್ಕಗಾಡಿಯೊಡನೆ ಎಡಕ್ಕೆ ತಿರುಗುವುದು ಅಪಾಯವೆಂದು ಹಳಬರು ಹೇಳುತ್ತಿದ್ದುದೂ, ತೊಟ್ಟಿಯಲ್ಲಿ ಮರಳಿನ ಚೀಲವನ್ನಿಟ್ಟುಕೊಂಡು ಹೊಸಬರಿಗೆ ಅಭ್ಯಾಸ ಮಾಡಿಸುತ್ತಿದ್ದುದೂ ಇದೇ ಕಾರಣದಿಂದ.

ತೊಟ್ಟಿಯಲ್ಲಿ 60 ಕಿಲೋಗ್ರಾಂ ತೂಗುವ ಸಹಸವಾರನು ಸುಮ್ಮನೆ ಕುಳಿತನೆನ್ನೋಣ. ಅವನ ಕೇಂದ್ರ 0.8 ಮೀಟರ್ ಎಡಕ್ಕೆ, 0.6 ಮೀಟರ್ ಎತ್ತರದಲ್ಲಿದ್ದರೆ ಒಟ್ಟು ಅಡ್ಡದೂರ 0.267 ಮೀಟರಿಗೆ ಏರುತ್ತದೆ, ಎತ್ತರ 0.6 ಮೀಟರಾಗಿಯೇ ಉಳಿಯುತ್ತದೆ. ಮಿತಿಯ ವೇಗ 41 ಕಿಲೋಮೀಟರ್. ಅವನೇ 1.2 ಮೀಟರ್ ದೂರದಲ್ಲಿರುವ ಪಕ್ಕದ ಚಕ್ರದಿಂದಾಚೆಗೆ ಮೈಚಾಚಿ, ತನ್ನ ಕೇಂದ್ರವನ್ನು 1.4 ಮೀಟರ್ ಎಡಕ್ಕೂ 0.4 ಮೀಟರ್ ಎತ್ತರಕ್ಕೂ ಒಯ್ದರೆ? ಅಡ್ಡದೂರ 0.367, ಎತ್ತರ 0.567, ಇವುಗಳ ಪ್ರಮಾಣ 0.647. ಮಿತಿಯ ವೇಗ ಸುಮಾರು 50 ಕಿಲೋಮೀಟರ್. ಎಂಜಿನ್ನಿನಲ್ಲಿ ಒಂದು ತಿರುಪನ್ನೂ ಮುಟ್ಟದೆ, ಬರಿಯ ಮೈಚಾಚುವಿಕೆಯಿಂದಲೇ ತಿರುವಿನ ವೇಗ ಐದರಲ್ಲೊಂದು ಪಾಲಿನಷ್ಟು ಹೆಚ್ಚಿತು. ಇದೇ ತಿರುವನ್ನು ಇದೇ ವೇಗದಲ್ಲಿ ದಾಟುವ ಒಂಟಿ ಮೋಟಾರ್ ಸೈಕಲ್ಲು ಸುಮಾರು 33 ಡಿಗ್ರಿ ವಾಲಬೇಕು. ವಾಲಲಾರದ ಗಾಡಿಗೆ ಬದಲಾಗಿ ಮನುಷ್ಯನೇ ವಾಲಿದನೆಂದು ಹೇಳಿದರೆ ತಪ್ಪಾಗದು.

ಸೂತ್ರವು ಹೇಳುವ ಇನ್ನೊಂದು ದಾರಿ ಎತ್ತರವನ್ನು ಇಳಿಸುವುದು. 1950ರ ದಶಕದಲ್ಲಿ ಪಂದ್ಯದ ಸವಾರರು ಗಾಡಿಯ ಮೇಲೆ ಕೂರುವುದನ್ನು ಬಿಟ್ಟು ಮಂಡಿಯೂರತೊಡಗಿದರು. ಅದಕ್ಕೆ ತಕ್ಕಂತೆ ಯಂತ್ರಗಳೂ ತಗ್ಗಾದವು. ಆದರೆ ಇದಕ್ಕೂ ಒಂದು ಎಲ್ಲೆಯುಂಟು. ಒಣಗಿದ ಡಾಂಬರಿನ ಮೇಲೆ ಘರ್ಷಣಾಂಕ 0.8 ಎಂದಿಟ್ಟುಕೊಂಡರೆ, 55 ಕಿಲೋಮೀಟರ್ ವೇಗದಲ್ಲಿ ಟೈರುಗಳೇ ಜಾರುತ್ತವೆ. ಅಡ್ಡದೂರ ಮತ್ತು ಎತ್ತರಗಳ ಪ್ರಮಾಣವು ಘರ್ಷಣಾಂಕಕ್ಕಿಂತ ಕಿರಿದಾಗಿದ್ದರೆ ಗಾಡಿ ಮೊದಲು ಉರುಳುತ್ತದೆ. ಹಿರಿದಾಗಿದ್ದರೆ ಮೊದಲು ಜಾರುತ್ತದೆ. ಎರಡರಲ್ಲಿ ಜಾರುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ, ಪಂದ್ಯಗಾರರದೂ ಸಹ.

ಬಲತಿರುವಿನ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. ಈ ಸಲ ಉರುಳುಗೆರೆ ಮುಂಚಕ್ರವನ್ನೂ ಪಕ್ಕದ ಚಕ್ರವನ್ನೂ ಸೇರಿಸುವ ಓರೆಗೆರೆ. ಆಟೋರಿಕ್ಷಾದ ತ್ರಿಕೋನವು ಎರಡು ಮಗ್ಗುಲಿಗೂ ಒಂದೇ ಬಗೆ, ಪಕ್ಕಗಾಡಿಯದು ಹಾಗಲ್ಲ. ಹಿಂಚಕ್ರದಿಂದ ಮುಂಚಕ್ರಕ್ಕೆ 1.4 ಮೀಟರ್ ಇರಲಿ. ಪಕ್ಕದ ಚಕ್ರವನ್ನು ಹಿಂಚಕ್ರದ ನೇರಕ್ಕಿಡದೆ ಕೊಂಚ ಮುಂದಕ್ಕಿಡುವುದು ವಾಡಿಕೆ, ಅದು 0.2 ಮೀಟರ್ ಮುಂದಿರಲಿ. ಕಾಗದದ ಮೇಲೆ ಚಿತ್ರ ಬರೆದು ನೋಡಿದರೆ ಓರೆಗೆರೆಯು ಸರಿಯಾಗಿ 45 ಡಿಗ್ರಿ ಕೋನದಲ್ಲಿರುವುದು ಕಾಣುತ್ತದೆ. ಆದುದರಿಂದ ತಿರುವಿನ ಹೊರಸೆಳೆತವೂ, ಬ್ರೇಕು ಹಾಕಿದಾಗ ಜಡತ್ವದಿಂದಾಗುವ ಮುನ್ನುಗ್ಗುವಿಕೆಯೂ ಈ ಗೆರೆಯ ಮೇಲೆ ಸಮಾನವಾಗಿ ಕೆಲಸ ಮಾಡುತ್ತವೆ. ಎರಡನ್ನೂ ನೇರವಾಗಿ ಕೂಡಿಸಬಹುದು. ಒಟ್ಟು ಗಾಡಿಯ ಕೇಂದ್ರವು ಸಹಸವಾರನಿಲ್ಲದಾಗ ಹಿಂಚಕ್ರದಿಂದ 0.6 ಮೀಟರ್ ಮುಂದಿದೆ, ತೊಟ್ಟಿಯಲ್ಲಿ ಕುಳಿತವನ ಕೇಂದ್ರ 0.5 ಮೀಟರ್ ಮುಂದಿದೆ ಎಂದು ತೆಗೆದುಕೊಂಡರೆ, ಈ ಮೊತ್ತವು ಗುರುತ್ವ ವೇಗೋತ್ಕರ್ಷದ 0.92ರಷ್ಟಾದಾಗ ಹಿಂಚಕ್ರ ಮೇಲೇಳುತ್ತದೆ.

ಬ್ರೇಕಿಲ್ಲದೆ ಈ ಮಿತಿಯನ್ನು ಮುಟ್ಟಲಾಗದು. ಅಷ್ಟರೊಳಗೆ ಟೈರು ಜಾರಿರುತ್ತದೆ. ಆದರೆ ಗಾಡಿ 44 ಕಿಲೋಮೀಟರ್ ವೇಗದಲ್ಲಿ ಅದೇ 30 ಮೀಟರಿನ ತಿರುವಿನಲ್ಲಿದ್ದಾಗ ಹೊರಸೆಳೆತ 0.5ರಷ್ಟು. ರಸ್ತೆಗೆ ಅಡ್ಡಬಂದ ಎಮ್ಮೆಯನ್ನು ಕಂಡು ಸವಾರನು 0.5ರಷ್ಟು ಬ್ರೇಕು ಒತ್ತಿದನೆನ್ನಿ. ಇವೆರಡೂ ಪರಸ್ಪರ ಲಂಬವಾಗಿರುವುದರಿಂದ ಟೈರಿನ ಮೇಲಿನ ಹೊರೆ 0.71 ಮಾತ್ರ, 0.8ಕ್ಕೆ ಇನ್ನೂ ಒಳಗಿದೆ, ಟೈರು ಜಾರದು. ಉರುಳುಗೆರೆಯ ಮೇಲಾದರೋ ಮೊತ್ತವು 1.0, ಮಿತಿ ಮೀರಿತು. ಗಾಡಿಯು ಓರೆಯಾಗಿ ಮುಂದಕ್ಕೆ ಮಗುಚಲು ತೊಡಗುತ್ತದೆ. ಎಡತಿರುವಿನ ಅಪಾಯ ಕಣ್ಣಿಗೆ ಕಾಣುವಂಥದು, ಚಕ್ರವೆದ್ದು ಎಚ್ಚರಿಸುತ್ತದೆ. ಬಲತಿರುವಿನದು ಬೆನ್ನ ಹಿಂದಿನದು.

ಈಗ ಸಹಸವಾರನು ಹಿಂಚಕ್ರದ ಮೇಲೇಕೆ ಬೋರಲಾಗುತ್ತಾನೆಂಬುದನ್ನು ನೋಡಿ. ಅವನ ಕೇಂದ್ರ ಗೆರೆಯ ಮೇಲೆಯೇ, ಹಿಂಚಕ್ರದಿಂದ 0.1 ಮೀಟರ್ ಹಿಂದಕ್ಕೆ ಹೋದರೆ, ಮೊದಲಿನ ಎತ್ತರದಲ್ಲಿಯೇ ಮಿತಿ 1.3ಕ್ಕೆ ಏರುತ್ತದೆ. 0.8ರ ಘರ್ಷಣೆಯಲ್ಲಿ ತಿರುವೂ ಬ್ರೇಕೂ ಸೇರಿ ಕೊಡಬಲ್ಲ ಅತಿ ಹೆಚ್ಚಿನ ಮೊತ್ತ 1.13. ಗಾಡಿ ಜಾರೀತು, ಉರುಳದು.

ಇಷ್ಟು ಕೆಲಸ ಮಾಡುವವನನ್ನು ಪ್ರಯಾಣಿಕನೆಂದು ಕರೆಯುವುದು ಇಂಗ್ಲಿಷಿನ ರೂಢಿ. ನಮಗೆ ಆ ಹೆಸರು ಒಪ್ಪಿಗೆಯಿಲ್ಲ. ಅವನಿಗೆ ಸೀಟಿಲ್ಲ, ಕಟ್ಟಿಕೊಳ್ಳುವ ಪಟ್ಟಿಯಿಲ್ಲ, ಇರುವುದು ಕೈಹಿಡಿಗಳು ಮಾತ್ರ. 1954ರ ಟಿ.ಟಿ.ಯಲ್ಲಿ ಜಾಕ್ ದ್ರಿಯೋನ್‌ನ ಸಹಸವಾರಳಾಗಿ ಓಡಿದ ಇಂಗೆ ಸ್ಟೋಲ್, ಆ ಪಂದ್ಯಗಳಲ್ಲಿ ಭಾಗವಹಿಸಿದ ಮೊದಲ ಮಹಿಳೆ. 1958ರಲ್ಲಿ ಜೆಕೊಸ್ಲೊವಾಕಿಯದ ಬ್ರನೋ ಪಂದ್ಯದಲ್ಲಿ ಇಬ್ಬರೂ ಮಡಿದರು. ಈಗಿನ ಗಾಡಿಗಳು ಹಿಂದಿನವುಗಳಿಗಿಂತ ಬಹಳ ತಗ್ಗು, ಬಹಳ ಅಗಲ; 2023ರಲ್ಲಿ ಬರ್ಚಲ್ ಸಹೋದರರು ಮ್ಯಾನ್ ದ್ವೀಪದ 60 ಕಿಲೋಮೀಟರಿನ ಬೆಟ್ಟದ ಸುತ್ತನ್ನು ಗಂಟೆಗೆ 193 ಕಿಲೋಮೀಟರಿಗೂ ಮೀರಿದ ಸರಾಸರಿ ವೇಗದಲ್ಲಿ ಮುಗಿಸಿದರು.

ಡಿಕ್ಸನ್ನನ ಯಂತ್ರದ ಮಾತು ಉಳಿಯಿತು. ಅವನ ಪಕ್ಕಗಾಡಿಯ ಚೌಕಟ್ಟು ಬಿಗಿಯಾದುದಾಗಿರಲಿಲ್ಲ. ಸಹಸವಾರನು ಒಂದು ಸನ್ನೆಗೋಲನ್ನು ಎಳೆದರೆ ಪಕ್ಕದ ಚಕ್ರ ಮೇಲಕ್ಕೋ ಕೆಳಕ್ಕೋ ಸರಿದು, ಇಡೀ ಗಾಡಿ ತಿರುವಿಗೆ ತಕ್ಕಂತೆ ವಾಲುತ್ತಿತ್ತು. ಕಳೆದುಹೋದ ಸ್ವಾತಂತ್ರ್ಯವನ್ನು ಯಂತ್ರದಿಂದಲೇ ಮರಳಿ ಪಡೆದ ಜಾಣ್ಮೆಯಿದು.

ಮೇಲಿನ ಎಡತಿರುವಿನ ಅಂಕೆಗಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ದಪ್ಪ ರಟ್ಟಿನ ತ್ರಿಕೋನಕ್ಕೆ ಮೂರು ಗಿಡ್ಡ ಕಾಲುಗಳನ್ನು ಅಂಟಿಸಿ, ಮೇಲೆ ತೂಕಕ್ಕಾಗಿ ನಾಣ್ಯಗಳನ್ನು ಮೇಣದಿಂದ ಹಚ್ಚಿ, ಒರಟಾದ ಹಲಗೆಯ ಮೇಲಿಡಿ. ಮೋಟಾರ್ ಸೈಕಲ್ಲಿನ ಗೆರೆ ಕೆಳಬದಿಗಿರುವಂತೆ ಹಲಗೆಯ ಒಂದು ಅಂಚನ್ನು ಮೆಲ್ಲನೆ ಎತ್ತುತ್ತ ಹೋದರೆ ಮಾದರಿಯು ಮಗುಚುವ ಕೋನದ ಟ್ಯಾಂಜೆಂಟೇ ಅಡ್ಡದೂರ ಮತ್ತು ಎತ್ತರಗಳ ಪ್ರಮಾಣ. ನಮ್ಮ ಮೂರು ಸಂದರ್ಭಗಳಿಗೆ ಇದು ಸುಮಾರು 15, 24 ಮತ್ತು 33 ಡಿಗ್ರಿ. ಪಕ್ಕದ ಚಕ್ರವನ್ನು 0.2ರ ಬದಲು 0.4 ಮೀಟರ್ ಮುಂದಕ್ಕಿಟ್ಟರೆ ಬಲತಿರುವಿನ ಮಿತಿ ಏರುವುದೋ ಇಳಿಯುವುದೋ ಎಂಬ ಲೆಕ್ಕವನ್ನು ವಾಚಕರೇ ಚಿತ್ರ ಬರೆದು ಮಾಡಿ ನೋಡಬಹುದು. ಓರೆಗೆರೆಯು ಆಗ 45 ಡಿಗ್ರಿಯಲ್ಲಿರುವುದಿಲ್ಲ ಎಂಬುದನ್ನು ಮಾತ್ರ ಮರೆಯಕೂಡದು.