ರವಿಗೆ 950 ಅಂಕ: ಪೈಥಾನ್‌ನಲ್ಲಿ ಫೈಲ್ ತಿದ್ದಿ ಮತ್ತೆ ಓದುವ ಪಾಠ

ಪಠ್ಯ ಫೈಲನ್ನು ತೆರೆದು, ಇದ್ದಲ್ಲೇ ತಿದ್ದಿ, ಮತ್ತೆ ಓದುವ ಕಲಿಕಾಂಶವನ್ನು ಬೋಧನಾಭ್ಯಾಸದಲ್ಲಿ ದ್ವಿತೀಯ ಪಿಯು ತರಗತಿಗೆ ಎರಡು ಅವಧಿಗಳಲ್ಲಿ ಮಾಡಿದೆ. ವಿದ್ಯಾರ್ಥಿಗಳ ಪೂರ್ವಜ್ಞಾನ ನೋಟ್‌ಪ್ಯಾಡ್‌ನದು. ಅಲ್ಲಿ ನಡುವೆ ಒಂದಕ್ಷರ ಒತ್ತಿದರೆ ಉಳಿದವು ಸರಿದು ಜಾಗ ಕೊಡುತ್ತವೆ. ಅಳಿಸಿದರೆ ಹತ್ತಿರ ಬರುತ್ತವೆ. ಡಿಸ್ಕಿನಲ್ಲಿರುವ ಫೈಲ್ ಹಾಗಲ್ಲ, ಹಳೆಯದರ ಮೇಲೆ ಹೊಸದು ಕೂರುತ್ತದೆ ಅಷ್ಟೇ. ಇದು ತಿಳಿಯದೆ ಸೀಕ್, ಟ್ರಂಕೇಟ್ ಎಂದು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ.

ಆದ್ದರಿಂದ ಕಂಪ್ಯೂಟರ್ ಮುಟ್ಟುವ ಮೊದಲು ಪ್ರತಿ ಬೆಂಚಿಗೆ ಒಂದು ಚೌಕುಳಿ ಕಾಗದದ ಪಟ್ಟಿ, ಒಂದು ಹುಣಸೆ ಬೀಜ ಕೊಟ್ಟೆ. ಪಟ್ಟಿಯೇ ಫೈಲ್, ಅದರಲ್ಲಿ ‘ರವಿ 100’ ಎಂಬ ಒಂದೇ ಸಾಲು. ಬೀಜ ಇರುವಲ್ಲಿಂದಲೇ ಓದಬೇಕು, ಅಲ್ಲಿಂದಲೇ ಬರೆಯಬೇಕು. ಅಂಕವನ್ನು 95ಕ್ಕೆ ತಿದ್ದುವುದು ಕೆಲಸ.

ಪೂರ್ತಿ ಓದಿದ ಮೇಲೆ ‘ರವಿ 95’ ಎಂದು ಬರೆದರೆ ಏನಾಗುತ್ತದೆ? ಹಳೆಯದು ಹೋಗಿ ಹೊಸದು ಬರುತ್ತದೆ ಎಂದರು ಹಲವರು. “ಬೀಜ ಕೊನೇಲಿದೆಯಲ್ಲ ಸರ್, ಅಲ್ಲಿಂದ ತಾನೇ ಬರೀಬೇಕು?” ಎಂದಳು ಹಿಂದಿನ ಬೆಂಚಿನ ಹುಡುಗಿ. ಲ್ಯಾಬಿನಲ್ಲಿ ‘ಆರ್ ಪ್ಲಸ್’ ವಿಧದಲ್ಲಿ ತೆರೆದು ನೋಡಿದೆವು: ‘ರವಿ 100ರವಿ 95’. ಫೈಲನ್ನು ಮೊದಲಿನಂತೆ ಮಾಡಿ, ಈ ಸಲ ಓದಿದ ಮೇಲೆ ಸೀಕ್ ಸೊನ್ನೆ ಹಾಕಿ ಬರೆದೆವು. ಬಂದದ್ದು ‘ರವಿ 950’.

ತರಗತಿ ನಕ್ಕಿತು. ಆದರೆ ಒಬ್ಬ ಕೇಳಿದ, “ಎರರ್ ಬರಲೇ ಇಲ್ಲವಲ್ಲ ಸರ್?” ಇಡೀ ಪಾಠದ ತಿರುಳು ಆ ಪ್ರಶ್ನೆಯಲ್ಲಿತ್ತು. ಪೈಥಾನ್ ಹೇಳಿದಷ್ಟನ್ನೂ ಮಾಡಿದೆ, ಹಳೆಯ ಕೊನೆಯ ಸೊನ್ನೆಯನ್ನು ಅಳಿಸು ಎಂದು ನಾವು ಹೇಳಿಲ್ಲ. ಇದು ನಿಜವಾದ ಅಂಕಪಟ್ಟಿಯಾಗಿದ್ದರೆ? ಬರೆದ ಮೇಲೆ ಮತ್ತೆ ಓದಬೇಕಾದದ್ದು ಇದಕ್ಕಾಗಿ.

ಬೀಜ ಇರುವಲ್ಲಿಂದ ಮುಂದಿನದನ್ನು ಕತ್ತರಿಸುವುದೇ ಟ್ರಂಕೇಟ್. ಅದನ್ನು ಹಾಕಿದೊಡನೆ ರೀಡ್ ಕೊಟ್ಟರೆ ಏನೂ ಬರುವುದಿಲ್ಲ, ಏಕೆಂದರೆ ಬೀಜ ಕೊನೆಯಲ್ಲಿದೆ. ಮತ್ತೆ ಸೀಕ್ ಸೊನ್ನೆ ಬೇಕು. ಬರೆದು, ಸೀಕ್ ಸೊನ್ನೆ ಹಾಕಿ, ಆಮೇಲೆ ಟ್ರಂಕೇಟ್ ಕೊಟ್ಟರೆ? ಕಾಗದದ ಮೇಲೆಯೇ ಎರಡು ಬೆಂಚಿನವರು ಉತ್ತರ ಕಂಡುಕೊಂಡರು: ಫೈಲೇ ಖಾಲಿ. (‘ಡಬ್ಲ್ಯೂ ಪ್ಲಸ್’ ಆದರೆ ತೆರೆಯುವಾಗಲೇ ಖಾಲಿ ಮಾಡುತ್ತದೆ. ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದೆ.)

ಎರಡನೆಯ ಅವಧಿಗೆಂದು ಉಳಿಸಿಕೊಂಡದ್ದು ಟೆಲ್. ‘ರವಿ 100’ ಓದಿದ ಮೇಲೆ ಟೆಲ್ 13 ಎನ್ನುತ್ತದೆ. ಕಣ್ಣಿಗೆ ಕಾಣುವುದು ಖಾಲಿ ಜಾಗವೂ ಸೇರಿ 6. ವಿ ಎಂಬುದರಲ್ಲಿ ವ ಮತ್ತು ಗುಡಿಸು ಬೇರೆ ಬೇರೆಯಾದ್ದರಿಂದ ಲೆನ್ ಕೊಡುವುದು 7. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಮೂರು ಚಿಹ್ನೆಗೆ 9, ಖಾಲಿ ಜಾಗ ಮತ್ತು ಅಂಕಿಗಳಿಗೆ 4. ಸೀಕ್ 1 ಕೊಟ್ಟು ಓದಹೊರಟರೆ ‘ರ’ದ ಹೊಟ್ಟೆಯೊಳಗೆ ಕಾಲಿಟ್ಟಂತೆ, ಆಗ ಮಾತ್ರ ಎರರ್ ಬರುತ್ತದೆ. ಪಠ್ಯ ಫೈಲಿನಲ್ಲಿ ಸೊನ್ನೆಗೆ ಅಥವಾ ಟೆಲ್ ಕೊಟ್ಟ ಸಂಖ್ಯೆಗೆ ಮಾತ್ರ ಹೋಗಬೇಕೆಂಬ ನಿಯಮವನ್ನು ಅವರೇ ಹೇಳಿದರು. ಇಂಗ್ಲಿಷ್ ಹೆಸರು ಬಳಸಿದ್ದರೆ ಮೂರು ಲೆಕ್ಕವೂ ಒಂದೇ ಆಗಿ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಲು ಮರೆಯದಿರಿ.

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಎಂಬ ಪ್ರಶ್ನೆಯೂ ಬಂತು. ಅರ್ಧ ಹಳೆಯದು, ಅರ್ಧ ಹೊಸದು ಉಳಿಯಬಹುದು. ಮುಖ್ಯವಾದ ಫೈಲಾದರೆ ತಿದ್ದಿದ್ದನ್ನು ಬೇರೊಂದು ಫೈಲಿಗೆ ಬರೆದು, ಓದಿ ನೋಡಿ, ಆಮೇಲೆ ಓಎಸ್ ಮಾಡ್ಯೂಲಿನ ರಿಪ್ಲೇಸ್‌ನಿಂದ ಹಳೆಯದರ ಜಾಗಕ್ಕೆ ತರುವುದು ಲೇಸು. ಮುಂದಿನ ಪ್ರಯೋಗಕ್ಕೆ ಅದನ್ನೇ ಕೊಟ್ಟಿದ್ದೇನೆ.