ಮಾತು ಕೇಳುವ ಯಂತ್ರ: ಗೃಹೋಪಯೋಗದ ದೃಷ್ಟಿಯಿಂದ ಒಂದು ವಿವೇಚನೆ

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದ ತರುವಾಯ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಪಡಸಾಲೆಗಳಲ್ಲಿ ರೇಡಿಯೋ ಪೆಟ್ಟಿಗೆಗೆ ಗೌರವದ ಸ್ಥಾನವೊಂದು ದೊರಕಿತು. ಅದು ಮಾತನಾಡುತ್ತಿತ್ತು, ಮನೆಯವರು ಕೇಳುತ್ತಿದ್ದರು. ಈಗ ಅದೇ ಗೂಡಿನಲ್ಲಿ ಬಂದು ಕುಳಿತಿರುವ ಸ್ಮಾರ್ಟ್ ಸ್ಪೀಕರ್ ಎಂಬ ಯಂತ್ರದ ಕ್ರಮವೇ ಬೇರೆ. ಇಲ್ಲಿ ಮನೆಯವರು ಮಾತನಾಡುತ್ತಾರೆ, ಯಂತ್ರವು ಕೇಳುತ್ತದೆ. ದೀಪ, ಫ್ಯಾನ್, ದೂರದರ್ಶನ ಇವುಗಳನ್ನು ಬರಿಯ ಮಾತಿನಿಂದ ನಡೆಸಬಹುದೆಂಬ ಆಕರ್ಷಣೆಯಿಂದ ಇದನ್ನು ಕೊಳ್ಳುವವರು ಹೆಚ್ಚುತ್ತಿದ್ದಾರೆ. ಬೆಂಗಳೂರು, ಪುಣೆ ಅಥವಾ ಪರದೇಶದಲ್ಲಿ ನೆಲೆಸಿದ ಮಕ್ಕಳು ಊರಿನಲ್ಲಿರುವ ವೃದ್ಧ ತಂದೆತಾಯಿಗಳಿಗೆ ಇದನ್ನು ಕಾಣಿಕೆಯಾಗಿ ಕಳುಹಿಸುವುದೂ ಉಂಟು. ಆದುದರಿಂದ ಇದರ ಆಯ್ಕೆಯಲ್ಲಿ ಯಾವ ಯಾವ ಸಂಗತಿಗಳನ್ನು ನೋಡಬೇಕೆಂಬುದು ವಿಚಾರಾರ್ಹವಾಗಿದೆ.

ಮನುಷ್ಯನ ಮಾತನ್ನು ಯಂತ್ರಕ್ಕೆ ತಿಳಿಸುವ ಪ್ರಯತ್ನ ಹೊಸದಲ್ಲ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಯಂತ್ರವೊಂದು ಅಂಕಿಗಳ ಉಚ್ಚಾರವನ್ನು ಗುರುತಿಸಿತು. 1962ರಲ್ಲಿ ಐಬಿಎಂ ಸಂಸ್ಥೆ ಪ್ರದರ್ಶಿಸಿದ ಪೆಟ್ಟಿಗೆಗೆ ತಿಳಿಯುತ್ತಿದ್ದುದು 16 ಶಬ್ದಗಳು ಮಾತ್ರ. ಅಮೆಜಾನ್ ಕಂಪನಿಯ ಎಕೋ 2014ರಲ್ಲಿ ಹೊರಬಂದು 2017ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಗೂಗಲ್ ಹೋಮ್ 2016ರಲ್ಲಿ ಹುಟ್ಟಿ 2018ರಲ್ಲಿ ಇಲ್ಲಿಗೆ ಬಂದಿತು. ಇವೆರಡರ ಅಂತರಂಗದ ರಚನೆ ಬಹುಮಟ್ಟಿಗೆ ಒಂದೇ. ಕರೆಯುವ ಹೆಸರೊಂದನ್ನು ಮಾತ್ರ ಯಂತ್ರವು ತನ್ನೊಳಗೇ ಗುರುತಿಸಿಕೊಳ್ಳುತ್ತದೆ. ಆ ಹೆಸರು ಕಿವಿಗೆ ಬಿದ್ದೊಡನೆ ಮುಂದಿನ ಮಾತು ಅಂತರ್ಜಾಲದ ಮೂಲಕ ದೂರದ ಗಣಕಯಂತ್ರಗಳಿಗೆ ಹೋಗಿ, ಅಲ್ಲಿ ಅರ್ಥವಾಗಿ, ಆಜ್ಞೆಯ ರೂಪದಲ್ಲಿ ಮರಳಿ ಬರುತ್ತದೆ. ಪಡಸಾಲೆಯ ದೀಪವೊಂದು ಹೊತ್ತಲು ಮಾತು ಇಷ್ಟು ದೂರ ಪ್ರಯಾಣ ಮಾಡುತ್ತದೆಂಬುದನ್ನು ಕೊಳ್ಳುವವನು ಮೊದಲು ಮನಗಾಣಬೇಕು. ಗುಣದೋಷಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುವಂಥವು.

ಈ ಸೀಮೆಯವರಿಗೆ ಎಲ್ಲಕ್ಕೂ ಮುಂಚಿನ ಪ್ರಶ್ನೆ ಭಾಷೆಯದು. ಭಾರತದ ಮಾರುಕಟ್ಟೆಗೆ ಈ ಸ್ಪೀಕರುಗಳು ಇಂಗ್ಲಿಷನ್ನು ನುಡಿಯುತ್ತ ಬಂದವು. ಅನಂತರ ಹಿಂದಿ ಸೇರಿತು. ಅಲೆಕ್ಸಾ ಹಿಂದಿ ಕಲಿತದ್ದು 2019ರಲ್ಲಿ. ಅದೇ ವರ್ಷ ಗೂಗಲ್ ಅಸಿಸ್ಟಂಟ್ ಮೊಬೈಲ್ ಫೋನಿನಲ್ಲಿ ಕನ್ನಡವನ್ನೂ ನುಡಿಯತೊಡಗಿತು. ಫೋನಿನಲ್ಲಿ ಬಂದುದೆಲ್ಲ ಸ್ಪೀಕರಿನಲ್ಲಿಯೂ ಬಂದಿದೆಯೆಂದು ಭಾವಿಸುವುದೇ ಕೊಳ್ಳುವವರು ಸಾಮಾನ್ಯವಾಗಿ ಮಾಡುವ ತಪ್ಪು. ಅಲೆಕ್ಸಾ ಕನ್ನಡ ಹಾಡನ್ನು ಹಾಡಿಸುವುದು ಬೇರೆ, ಕನ್ನಡದ ಆಜ್ಞೆಯನ್ನು ತಿಳಿಯುವುದು ಬೇರೆ. ಅಂಗಡಿಯವನ ಭರವಸೆಗಿಂತ ಅಂಗಡಿಯಲ್ಲಿಯೇ ಮಾಡಿದ ಪರೀಕ್ಷೆ ಮೇಲು. ಆ ಪರೀಕ್ಷೆಯನ್ನು ಮಾಡಬೇಕಾದವರು ಇಂಗ್ಲಿಷ್ ಬಲ್ಲ ಮಗನಲ್ಲ, ಯಂತ್ರವನ್ನು ನಿತ್ಯ ಬಳಸಲಿರುವ ತಾಯಿ.

ಕನ್ನಡ ಬಂದರೂ ಯಾವ ಕನ್ನಡವೆಂಬ ತೊಡಕು ಉಳಿಯುತ್ತದೆ. ‘ಹಚ್ಚು’ ಎಂಬ ಒಂದು ಕ್ರಿಯಾಪದವನ್ನು ಪರಿಶೀಲಿಸಿದರೆ ಸಾಕು. ಮೈಸೂರಿನ ಕಡೆಯವರು ಹಾಕು ಎನ್ನುವಲ್ಲಿ ಹಾವೇರಿಯ ಹೆಣ್ಣುಮಗಳು ‘ಲೈಟ್ ಹಚ್ಚು, ಫ್ಯಾನ್ ಹಚ್ಚು, ಟಿವಿ ಹಚ್ಚು’ ಎನ್ನುತ್ತಾಳೆ. ಇದೇ ಸೀಮೆಯಲ್ಲಿ ಒಲೆ ಹಚ್ಚುತ್ತಾರೆ, ತಲೆಗೆ ಎಣ್ಣೆ ಹಚ್ಚುತ್ತಾರೆ, ಹೊಲದಲ್ಲಿ ಮೆಣಸಿನ ಸಸಿ ಹಚ್ಚುತ್ತಾರೆ, ಕೆಲಸಕ್ಕೆ ಆಳು ಹಚ್ಚುತ್ತಾರೆ. ಕೇಳುವವನು ಮನುಷ್ಯನಾದರೆ ಸಂದರ್ಭದಿಂದ ಅರ್ಥವನ್ನು ಹಿಡಿಯುತ್ತಾನೆ. ಯಂತ್ರಕ್ಕೆ ಇಂಥ ಮಾತು ಸಹಸ್ರಾರು ಕಂಠಗಳಲ್ಲಿ ಮೊದಲೇ ಕೇಳಿಸಿರಬೇಕು. ಕೇಳಿಸಿಲ್ಲವೆಂಬುದಕ್ಕೆ ನಿದರ್ಶನವಿದೆ: 2022ರಲ್ಲಿ ಓಪನ್ ಎಐ ಸಂಸ್ಥೆ ಹೊರತಂದ ವಿಸ್ಪರ್ ಎಂಬ ವಾಕ್‌ಗ್ರಹಣ ವ್ಯವಸ್ಥೆಗೆ ಒಟ್ಟು 6,80,000 ಗಂಟೆಗಳ ಧ್ವನಿಯನ್ನು ಉಣಿಸಲಾಗಿತ್ತು. ಅದರಲ್ಲಿ ಇಂಗ್ಲಿಷಿನ ಪಾಲು ಸುಮಾರು 4,38,000 ಗಂಟೆ. ಕನ್ನಡದ ಮಾತನ್ನು ಕನ್ನಡದಲ್ಲಿಯೇ ಬರೆದುಕೊಂಡ ಧ್ವನಿ ಹತ್ತು ಗಂಟೆಗೂ ಕಡಿಮೆ. ಕೋಟಿಗಟ್ಟಲೆ ಜನರಾಡುವ ನುಡಿಗೆ ಇಷ್ಟು ಅಲ್ಪ ಪಾಲು ಸಿಕ್ಕಿತೆಂದರೆ, ಅದರ ಧಾರವಾಡ ಸೀಮೆಯ ರೂಪಕ್ಕೆ ಏನು ಉಳಿದೀತು!

ಸದ್ಯಕ್ಕೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿಯೇ ವ್ಯವಹರಿಸಬೇಕಾದ ಯಂತ್ರವನ್ನು ತರುವವರು ದೀಪ, ಫ್ಯಾನುಗಳಿಗೆ ಇಡುವ ಹೆಸರುಗಳನ್ನಾದರೂ ವಿವೇಚಿಸಿ ಇಡಬೇಕು. ಒಂದನ್ನೊಂದು ಹೋಲದ ಚಿಕ್ಕ ಹೆಸರುಗಳು ಉತ್ತಮ. ವೃದ್ಧರು ಹೇಳಬೇಕಾದ ನಾಲ್ಕೈದು ಆಜ್ಞೆಗಳನ್ನು ಕನ್ನಡ ಅಕ್ಷರಗಳಲ್ಲಿ ದಪ್ಪನಾಗಿ ಬರೆದು ಗೋಡೆಗೆ ಅಂಟಿಸಿದರೆ ಉಪಕಾರವಾಗುತ್ತದೆ. ಯಂತ್ರಕ್ಕೆ ತಿಳಿಯದಿದ್ದಾಗ ತಮ್ಮ ಉಚ್ಚಾರವೇ ತಪ್ಪೆಂದು ಹಿರಿಯರು ಸಂಕೋಚಪಟ್ಟು ಸುಮ್ಮನಾಗುವುದನ್ನು ಅನೇಕ ಮನೆಗಳಲ್ಲಿ ಕಾಣಬಹುದು. ಇದು ವಿಷಾದನೀಯ.

ವಿದ್ಯುತ್ತಿನ ವಿಷಯದಲ್ಲಿ ಪಟ್ಟಣದ ಪುಸ್ತಿಕೆಗಳು ಹೇಳದ ಸಂಗತಿಗಳಿವೆ. ಕರೆಂಟು ಹೋದರೆ ವೈಫೈ ಪೆಟ್ಟಿಗೆಯೂ ಆರುತ್ತದೆ. ಮನೆಯಲ್ಲಿ ಇನ್ವರ್ಟರಿನಿಂದ ದೀಪ ಉರಿಯುತ್ತಿದ್ದರೂ ಯಂತ್ರಕ್ಕೆ ಕಿವಿ ಇರುವುದಿಲ್ಲ. ಆದ್ದರಿಂದ ಆ ಪೆಟ್ಟಿಗೆಯನ್ನೂ ಸ್ಪೀಕರನ್ನೂ ಇನ್ವರ್ಟರಿನ ಸಾಲಿಗೇ ಜೋಡಿಸಬೇಕು. ಅನೇಕ ಸ್ಮಾರ್ಟ್ ಬಲ್ಬುಗಳು ಕರೆಂಟು ಮರಳಿ ಬಂದಾಗ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಮಧ್ಯರಾತ್ರಿ ಎರಡು ಗಂಟೆಗೆ ಮನೆಯೆಲ್ಲ ಬೆಳಗಿ ನಿದ್ರಾಭಂಗವಾಗಬಾರದೆಂದಿದ್ದರೆ ಅವುಗಳ ವ್ಯವಸ್ಥೆಯನ್ನು ಮೊದಲೇ ಬದಲಿಸಬೇಕು. ಅಗ್ಗದ ಸ್ಮಾರ್ಟ್ ಪ್ಲಗ್ಗುಗಳು ಬಹುತೇಕ 2.4 ಗಿಗಾಹರ್ಟ್ಸ್ ವೈಫೈ ತರಂಗದಲ್ಲಿ ಮಾತ್ರ ಕೆಲಸ ಮಾಡುತ್ತವೆ. 6 ಆಂಪಿಯರಿನ ಪ್ಲಗ್ಗು 230 ವೋಲ್ಟಿನಲ್ಲಿ ಹೊರುವ ಭಾರ 1,380 ವ್ಯಾಟ್. ಬಚ್ಚಲ ಮನೆಯ 2,000 ವ್ಯಾಟಿನ ಗೀಜರಿಗೆ 16 ಆಂಪಿಯರಿನದೇ ಆಗಬೇಕು. ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಇಲ್ಲದಿರುವುದುಂಟು, ಅಲ್ಲಿ ಸ್ಮಾರ್ಟ್ ಸ್ವಿಚ್ಚುಗಳಲ್ಲಿ ಹಲವು ನಡೆಯಲಾರವು. ಬಲ್ಲ ಇಲೆಕ್ಟ್ರಿಶಿಯನ್ನನಿಗೆ ತೋರಿಸದೆ ಕೊಂಡರೆ ಹಣ ವ್ಯರ್ಥ.

ಬೋರ್‌ವೆಲ್ ಮೋಟಾರನ್ನು ಮಾತ್ರ ಈ ಸ್ಪೀಕರಿಗೆ ಒಪ್ಪಿಸುವ ಸಾಹಸ ಬೇಡ. ಮೋಟಾರು ಹೊರಡುವಾಗ ಎಳೆಯುವ ವಿದ್ಯುತ್ತು ಸಾಮಾನ್ಯದ ಹಲವು ಪಟ್ಟು ಇರುತ್ತದೆ. ಆ ಕೆಲಸಕ್ಕೆ ರೈತರು ಮೊಬೈಲ್ ಸ್ಟಾರ್ಟರನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಸಿಮ್ ಇಟ್ಟು, ರಾತ್ರಿ ತ್ರೀ ಫೇಸ್ ಬಂದಾಗ ಮನೆಯಿಂದಲೇ ಫೋನ್ ಮಾಡಿ ನೀರು ಹಾಯಿಸುವ ಆ ವ್ಯವಸ್ಥೆಯು ಹಾವು, ಕತ್ತಲೆಗಳ ಭಯವನ್ನು ತಪ್ಪಿಸಿದೆ. ಯಂತ್ರನಿಯಂತ್ರಣವೆಂಬುದು ಈ ಸೀಮೆಯಲ್ಲಿ ಪಡಸಾಲೆಗಿಂತ ಮೊದಲು ಹೊಲಕ್ಕೆ ಬಂದಿತೆಂದರೆ ತಪ್ಪಾಗದು.

ಇನ್ನು ಗೌಪ್ಯ. ಅಲೆಕ್ಸಾ ಕೇಳಿಸಿಕೊಂಡ ಮಾತುಗಳಲ್ಲಿ ಕೆಲವನ್ನು ಕಂಪನಿಯ ನೌಕರರು ಕೇಳಿ ಪರೀಕ್ಷಿಸುತ್ತಿದ್ದರೆಂಬ ಸಂಗತಿ 2019ರಲ್ಲಿ ಬಹಿರಂಗವಾಯಿತು. ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ 2023ರಲ್ಲಿ ಅಮೆಜಾನ್ 2.5 ಕೋಟಿ ಡಾಲರ್ ದಂಡ ತೆರಲು ಅಮೆರಿಕದಲ್ಲಿ ಒಪ್ಪಿಕೊಂಡಿತು. ಅದೇ 2023ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆಯನ್ನು ವಿಧಿಸುತ್ತದೆ. ಕಾಯಿದೆ ಏನೇ ಇರಲಿ, ಮೈಕನ್ನು ಮುಚ್ಚುವ ಗುಂಡಿ ಯಂತ್ರದ ಮೈಮೇಲೆಯೇ ಇದೆಯೇ ಎಂದು ನೋಡಿಕೊಳ್ಳಬೇಕು. ಮನೆತನದ ಮಾತುಕತೆ, ಹೆಣ್ಣು ಗಂಡು ನಿಶ್ಚಯ, ಮೆಣಸಿನಕಾಯಿ ವ್ಯಾಪಾರದ ದರ ಇತ್ಯಾದಿ ನಡೆಯುವ ಕೋಣೆಯಲ್ಲಿ ಇದನ್ನು ಇಡದಿರುವುದೇ ಲೇಸು. ವಿದ್ಯಾರ್ಥಿ ನಿಲಯಗಳಿಗೆ ದಾನವಾಗಿ ಕೊಡಲು ಬಯಸುವ ಮಹನೀಯರೂ ಇದನ್ನು ಗಮನಿಸಬೇಕು.

ಇಷ್ಟೆಲ್ಲ ಆದಮೇಲೆ ಯಂತ್ರ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಕೈಕಾಲು ಗಟ್ಟಿಯಿದ್ದವರ ಅಗತ್ಯವನ್ನು ಹಾಸಿಗೆಯ ಪಕ್ಕದ ಎರಡನೆಯ ಸ್ವಿಚ್ಚು ಪೂರೈಸುತ್ತದೆ. ರಾತ್ರಿ ಬಚ್ಚಲಿಗೆ ಹೋಗುವ ಮುದುಕರಿಗೆ ಚಲನೆಯನ್ನು ಕಂಡು ತಾನೇ ಹೊತ್ತುವ ದೀಪ ಸಾಕು, ಅದಕ್ಕೆ ಭಾಷೆಯೇ ಬೇಡ. ಆದರೆ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರಿಗೆ, ಕಣ್ಣು ಕಾಣದವರಿಗೆ ಇದು ವಿಲಾಸದ ವಸ್ತುವಲ್ಲ. ಹಾವೇರಿ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಬಾಲಕರಿಗೆ ಸಂಗೀತವನ್ನು ಧಾರೆಯೆರೆದ ಪಂಡಿತ ಪುಟ್ಟರಾಜ ಗವಾಯಿಗಳನ್ನು ಕಂಡ ನಾಡಿಗೆ, ಕಿವಿಯಿಂದಲೇ ಲೋಕವನ್ನರಿಯುವವರ ಬಾಳು ಹೊಸದಾಗಿ ತಿಳಿಸಬೇಕಾದುದಲ್ಲ. ಅಂಥವರೊಬ್ಬರು ಇನ್ನೊಬ್ಬರನ್ನು ಕೂಗದೆ ಫ್ಯಾನ್ ನಿಲ್ಲಿಸಿಕೊಳ್ಳುವುದು, ಹೊತ್ತು ಎಷ್ಟಾಯಿತೆಂದು ಕೇಳಿಕೊಳ್ಳುವುದು ಸಣ್ಣ ಸ್ವಾತಂತ್ರ್ಯವಲ್ಲ. ಕನ್ನಡದ ಕೊರತೆ ನಿಜವಾಗಿ ನೋಯಿಸುವುದೂ ಅವರನ್ನೇ.

ಈ ಕೊರತೆಯನ್ನು ತುಂಬುವ ಕಾರ್ಯ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ವಾಣಿ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆಜಿಲ್ಲೆಗಳ ಆಡುಮಾತನ್ನು ಸಂಗ್ರಹಿಸುತ್ತಿದೆ. ಕೇಂದ್ರ ಸರಕಾರದ ಭಾಷಿಣಿ ಯೋಜನೆಯಲ್ಲಿ ಭಾಷಾದಾನ ಎಂಬ ವಿಭಾಗವಿದೆ. ಅಲ್ಲಿ ಕನ್ನಡವನ್ನು ಆರಿಸಿಕೊಂಡು, ಪರದೆಯ ಮೇಲೆ ಕಾಣುವ ವಾಕ್ಯವನ್ನು ಫೋನಿನ ಎದುರು ಓದಿದರೆ ಅದು ಧ್ವನಿಭಂಡಾರವನ್ನು ಸೇರುತ್ತದೆ. ಇತರರು ಓದಿದ್ದನ್ನು ಕೇಳಿ ಸರಿತಪ್ಪು ಹೇಳಲೂ ಬರುತ್ತದೆ. ಒಂದು ವಾಕ್ಯಕ್ಕೆ ಹಿಡಿಯುವ ಕಾಲ ಅರ್ಧ ನಿಮಿಷಕ್ಕಿಂತ ಕಡಿಮೆ.